ಒಪ್ಪಿಗೆ ಪತ್ರವನ್ನು ಓದಿಬಿಟ್ಟ ಮನುಷ್ಯ

ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಮನುಷ್ಯ ಅವರು. ಶ್ವಾಸಕೋಶ ಹಾಳಾಗಿ ಹತ್ತು ವರ್ಷವಾಯಿತು. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದರ ಮೇಲೆ ಕೂರಬೇಕು. ದೊಡ್ಡಾಸ್ಪತ್ರೆಯ ವೈದ್ಯರು ಒಬ್ಬ ರೋಗಿಗೆ ಕೊಡುವುದು ಎರಡು ನಿಮಿಷ; ಇವರಿಗೆ ಒಂದು ವಾಕ್ಯ ಮುಗಿಸುವುದಕ್ಕೇ ಅಷ್ಟು ಬೇಕು.

ಹೀಗಿರುವಾಗ, ಹೊಸ ಔಷಧದ ಪ್ರಯೋಗಕ್ಕೆ ವಯಸ್ಸಾದ ರೋಗಿಗಳು ಬೇಕಾಗಿದ್ದಾರೆಂದು ಅಲ್ಲೊಂದು ಫಲಕ ನೇತಾಡಿತು. ಸೇರಿದವರಿಗೆ ಬೇರೆ ಕೋಣೆ, ತಿರುಗುವ ಫ್ಯಾನು, ಒರಗುವ ಕುರ್ಚಿ. ಎಲ್ಲಕ್ಕಿಂತ ಹೆಚ್ಚಾಗಿ, ಅರ್ಧ ಗಂಟೆ ಕೂತು ಕೇಳುವ ವೈದ್ಯೆ. ‘ವಿಜ್ಞಾನಕ್ಕಾಗಿ ಸ್ವಇಚ್ಛೆಯಿಂದ ಮುಂದೆ ಬಂದ ಹಿರಿಯರು’ ಎಂದು ನಾಳೆ ವರದಿಯಲ್ಲಿ ಬರೆಯುತ್ತಾರೆ. ಬೆಂಚಿನ ಮೇಲಿದ್ದ ಹನ್ನೊಂದು ಮಂದಿ ಬಂದದ್ದು ವಿಜ್ಞಾನಕ್ಕಲ್ಲ, ಯಾರಾದರೂ ಎದೆ ಮುಟ್ಟಿ ನೋಡಲಿ ಎಂದು.

ಇವರಿಗೂ ಅದೇ ಆಸೆ. ಪೆನ್ನು ತೆಗೆದೇ ಕೂತಿದ್ದರು. ಆದರೆ ಓದದ ಹಾಳೆಗೆ ಸಹಿ ಹಾಕಿ ಅಭ್ಯಾಸವಿಲ್ಲ. ಅಚ್ಚುಕೂಟದಲ್ಲಿ ಕರಡು ನೋಡುವುದು ಇಬ್ಬರ ಕೆಲಸ: ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕಿವಿಗೊಟ್ಟು ಗುರುತು ಹಾಕಬೇಕು. ಓದಲು ಉಸಿರಿಲ್ಲದೆ ಒಪ್ಪಿಗೆ ಪತ್ರವನ್ನು ಜೊತೆಗೆ ಬಂದಿದ್ದ ಹೆಂಡತಿಯ ಕೈಗಿತ್ತರು.

“ಓದೇ.”

“ಇಪ್ಪತ್ತೆರಡು ಪುಟ ಇದೆಯಲ್ರೀ! ಎಲ್ಲರೂ ಗೀಚಿ ಕೊಟ್ಟು ಒಳಗೆ ಹೋಗ್ತಿದ್ದಾರೆ. ನಿಮಗೊಬ್ಬರಿಗೇ ಪರೀಕ್ಷೆನಾ?”

“ಗಟ್ಟಿಯಾಗಿ ಓದು.”

ಆಕೆಯದು ತರಕಾರಿ ಮಾರಿ ಪಳಗಿದ ಗಂಟಲು. ಮೂರನೆಯ ಪುಟ: ಔಷಧದಿಂದ ತೊಂದರೆಯಾದರೆ ಪೂರ್ಣ ಚಿಕಿತ್ಸೆ ಉಚಿತ. ಬೆಂಚು ತಲೆಯಾಡಿಸಿತು. ಹದಿನೇಳನೆಯ ಪುಟ: ತೊಂದರೆ ಔಷಧದಿಂದಲೇ ಎಂದು ಕಂಪನಿ ಒಪ್ಪಿದಲ್ಲಿ, ಮೂವತ್ತು ದಿನ ಮಾತ್ರ.

“ಮೂರು... ಮತ್ತೆ ಓದು. ಈಗ ಹದಿನೇಳು.”

ಹೋದ ವಾರವೇ ಸಹಿ ಹಾಕಿ, ಇವತ್ತು ತಪಾಸಣೆಗೆ ಬಂದಿದ್ದ ಇಸ್ತ್ರಿ ಅಂಗಡಿಯ ಮುದುಕಿ ಕೇಳಿದಳು: “ಅಲ್ಲಕ್ಕಾ, ಮೂವತ್ತೊಂದನೇ ದಿನ ಸತ್ರೆ ನಾನ್ಯಾರ ಪೈಕಿ?”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಇಬ್ಬರು ಮೆಲ್ಲಗೆ ಎದ್ದು ಹೋದರು.

ಪ್ರಯೋಗದ ಉಸ್ತುವಾರಿಯ ಹುಡುಗಿ ಓಡಿ ಬಂದಳು. “ತಾತ, ಇದನ್ನೆಲ್ಲ ಯಾರೂ ಓದಲ್ಲ!”

“ಅದಕ್ಕೇ ತಪ್ಪು ಉಳಿದಿದೆ, ಮಗಳೇ. ಎರಡರಲ್ಲಿ ಒಂದು ಪುಟ ತಿದ್ದಿ ತಂದ್ಬಿಡು. ಸಹಿ ಹಾಕೋಕೇ... ಕೂತಿದ್ದೀನಿ.”

ಒಂದು ಗಂಟೆ ಕೂತರು. ತಿದ್ದಿದ ಹಾಳೆ ಬರಲಿಲ್ಲ. ಸಹಕರಿಸದವರನ್ನು ಸೇರಿಸಿಕೊಳ್ಳಲಾಗದು ಎಂಬ ನಯವಾದ ಮಾತು ಬಂತು. ರಿಜಿಸ್ಟರಿನಲ್ಲಿ ಅವರ ಮುಂದೆ ಬರೆದುಕೊಂಡದ್ದು ‘ಆಸಕ್ತಿ ಇಲ್ಲ’ ಎಂದು. ಉಸಿರಾಡಲು ಆಸಕ್ತಿ ಇಲ್ಲದ ಮನುಷ್ಯ! ವಯಸ್ಸಾದವರು ಪ್ರಯೋಗಗಳಿಗೆ ಯಾಕೆ ಸೇರುವುದಿಲ್ಲ ಎಂದು ತಂಪು ಸಭಾಂಗಣಗಳಲ್ಲಿ ತಲೆ ಕೆಡಿಸಿಕೊಳ್ಳುವ ಮಹನೀಯರೇ, ಉತ್ತರ ನಿಮ್ಮ ಬೆಂಚಿನ ಮೇಲೇ ಕೂತಿತ್ತು. ನೀವೇ ಎಬ್ಬಿಸಿ ಕಳಿಸಿದಿರಿ.

ಇಳಿಯುವಾಗಲೂ ಮೂರನೆಯ ಮೆಟ್ಟಿಲಲ್ಲಿ ಕೂತರು. ಹೆಂಡತಿ ಸುಮ್ಮನಿರಲಿಲ್ಲ. “ಅರ್ಧ ಗಂಟೆ ನೋಡೋ ಡಾಕ್ಟ್ರು ಕೈತಪ್ಪಿ ಹೋದ್ರು. ಇನ್ನು ಆ ಎರಡು ನಿಮಿಷದವರ ಹತ್ರಾನೇ ಏದುಸಿರು ಬಿಡಿ!”

ಹಿಂದೆಯೇ ಇಸ್ತ್ರಿ ಅಂಗಡಿಯ ಮುದುಕಿ ಇಳಿದು ಬಂದಳು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಅವಳದೇ ಪತ್ರ.

“ಅಣ್ಣಾ, ನಾನು ಆಗಲೇ ಗುಳಿಗೆ ನುಂಗ್ತಾ ಇದ್ದೀನಿ. ಇದರಿಂದ ಹೊರಗೆ ಬರೋಕೆ ಎಲ್ಲಾದ್ರೂ ದಾರಿ ಬರೆದಿದ್ದಾರಾ, ನೋಡಿ.”

ಅವರು ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು ಹೆಂಡತಿಯ ಮುಖ ನೋಡಿದರು. ಆಕೆ ಗೊಣಗುತ್ತಲೇ ಚೀಲ ಕೆಳಗಿಟ್ಟಳು, ಪಕ್ಕದಲ್ಲಿ ಕೂತಳು, ಪತ್ರ ಬಿಡಿಸಿದಳು.

“ಎಷ್ಟನೇ ಪುಟದಿಂದ?”