ಬಟ್ಟಲಾದ ಅಂಗೈ

ವೈ.ಎನ್.ಹೊಸಕೋಟೆಯಲ್ಲಿ ನಮ್ಮಣ್ಣ ನಂದೀಶ್ವರಯ್ಯನದು ದಿನಸಿ ಅಂಗಡಿ. ಇಷ್ಟಲಿಂಗ ಪೂಜೆ ಮುಗಿಯುವ ತನಕ ಅವನು ಬಾಗಿಲು ತೆಗೆಯುವವನಲ್ಲ. ಗಿರಾಕಿಗಳು ಗೊಣಗುತ್ತಲೇ ಕಾಯುತ್ತಾರೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತನೆಂದರೆ ಅವನಿಗೆ ಊರಿನ ಪರಿವೆಯೇ ಇರುವುದಿಲ್ಲ.

ಕೆಲವು ವರ್ಷದಿಂದ ಆ ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಬೆರಳುಗಳು ಬಾಗಿ, ಚರ್ಮ ಮೇಣ ಸವರಿದ ಹಾಗೆ ಬಿಗಿದು, ಕೈ ಬಟ್ಟಲಿನಂತಾಗಿತ್ತು. ನೋವಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಲಿಂಗ ಹಿಡಿದ ಕೈ, ಶಿವ ತನಗೆ ಬೇಕಾದಷ್ಟು ಜಾಗ ಮಾಡಿಕೊಂಡಿದ್ದಾನೆ ಅಂದರು ನಂಟರು. ಕೆಲವರು ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಅಣ್ಣ ಯಾವುದಕ್ಕೂ ಬೀಗುವವನಲ್ಲ, ಆದರೆ ಈ ಮಾತು ಬಂದರೆ ಮುಖ ಅರಳುತ್ತಿತ್ತು. ಭುಜ ಬಿಗಿದು ಮೇಲಿನ ಹಲಗೆಯ ಡಬ್ಬಿ ಎಟುಕದೇ ಹೋದಾಗ ಮಾತ್ರ ಮೂಟೆ ಎತ್ತಿದ್ದಕ್ಕೆ ಅಂತ ಎಣ್ಣೆ ತಿಕ್ಕಿಸಿಕೊಂಡ.

ಆಯುಧಪೂಜೆಯ ದಿನ ನನ್ನ ಹೊಸ ಕಡ್ಲೇಕಾಯಿ ಬಿಡಿಸುವ ಮಿಷನ್ನಿಗೆ ಪೂಜೆ ಮಾಡಿದೆವು. ವಿಭೂತಿ ಕಲಸಿ, ಮನೆಯ ಹಿರಿಯನ ಬಲಗೈ ಗುರುತು ಹಾಕಿಸುವುದು ನಮ್ಮಲ್ಲಿ ರೂಢಿ. ಅಣ್ಣ ಮಿಷನ್ನಿನ ಮೇಲೆ ಬಲ ಅಂಗೈ ಒತ್ತಿದ. ಬೆರಳ ತುದಿಗಳು ಮೂಡಿದವು, ಮಣಿಕಟ್ಟಿನ ಹತ್ತಿರ ಒಂದಿಷ್ಟು ಮೂಡಿತು. ನಡುವೆ ಖಾಲಿ. ಗಟ್ಟಿಯಾಗಿ ಒತ್ತು ಎಂದು ಗದರಿದೆ. ಮತ್ತೆ ಒತ್ತಿದ. ಮತ್ತೆ ಹಾಗೇ.

ಅವನ ಬಲಗೈ ಹಿಡಿದು ಬಿಚ್ಚಲು ನೋಡಿದೆ. ಅದೂ ಪೂರ್ತಿ ಬಿಚ್ಚಲಿಲ್ಲ.

"ಲಿಂಗ ಹಿಡಿಯೋದು ಎಡಗೈ ಕಣಣ್ಣ. ಬಲಗೈ ಯಾಕಿಂಗಾಯ್ತು?"

ಅಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಒಳಗೆ ಹೋದ.

ಮಾರನೇ ದಿನ ಬೈದು, ಬೇಡಿ, ಪಾವಗಡದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೈ ಮುಗಿಯಲು ಹೇಳಿದರು. ಎರಡೂ ಅಂಗೈ ಕೂಡಲಿಲ್ಲ, ಬೆರಳುಗಳ ಸಂದಿಯಲ್ಲಿ ಕಿಟಕಿಯ ಬೆಳಕು ಕಂಡಿತು. ಇದಕ್ಕೆ ಬೇರೆ ಕಾರಣವೂ ಇರಬಹುದು, ಆದರೆ ಸಕ್ಕರೆ ಕಾಯಿಲೆ ಒಳಗೊಳಗೇ ಇದ್ದರೂ ಕೈ ಹೀಗೆ ಬಿಗಿಯುತ್ತದೆ, ಭುಜ ಹಿಡಿಯುತ್ತದೆ ಅಂದರು. ನನಗೆ ಬಾಯಾರಿಕೆಯಿಲ್ಲ, ಪದೇಪದೇ ಒಂದಕ್ಕೆ ಹೋಗುವುದೂ ಇಲ್ಲ ಎಂದು ಅಣ್ಣ ವಾದಿಸಿದ. ರಕ್ತ ನೋಡಿದರೆ ಸಕ್ಕರೆ ಬಹಳ ಇತ್ತು. ಹೀಗೇ ಬಿಟ್ಟರೆ ಕಣ್ಣು, ಮೂತ್ರಪಿಂಡ, ಕಾಲು ಒಂದೊಂದಾಗಿ ಕೆಡುತ್ತವೆ ಎಂದು ಹೇಳಿ ಮಾತ್ರೆ ಕೊಟ್ಟರು.

ಅಣ್ಣ ಮಾತ್ರೆ ಮುಟ್ಟಲಿಲ್ಲ. ದಿನವೂ ಹೋಗಿ ಕೂಗಾಡಿದೆ. ಅವನು ತಕ್ಕಡಿ ಒರೆಸುತ್ತಾ ಕೇಳಿಸಿಕೊಳ್ಳುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕೊರಳಲ್ಲಿ ಧರಿಸುವ ಕರಡಿಗೆಯೊಳಗೆ ಸೇರಿಸುತ್ತಾ ಕೇಳಿದ:

"ಅಂಗಾದ್ರೆ ಇದು ಶಿವ ಕೊಟ್ಟಿದ್ದಲ್ವೇನಪ್ಪ? ಬರೀ ರೋಗನಾ?"

ನಾನು ಮಾತ್ರೆ ಪಟ್ಟಿಯನ್ನು ಅವನ ಮುಂದಿಟ್ಟೆ. ನೀರು ತಂದ ಅತ್ತಿಗೆ ಸರೋಜಮ್ಮ ಅವನ ಪಕ್ಕ ಕೂತಳು.

"ರೋಗಾನೇ ಅನ್ಕಳಿ. ರೋಗದ ಕೈ ಅಂತ ಆ ಶಿವ ಒಂದಿನಾನಾದ್ರೂ ಎದ್ದು ಹೋದ್ನಾ? ಇಷ್ಟು ವರ್ಷ ಅದ್ರಾಗೇ ಕುಂತಿರ್ನಿಲ್ವಾ?"

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಮಾತ್ರೆ ಪಟ್ಟಿ ತೆಗೆದುಕೊಂಡು ಒತ್ತಿದ. ಬಾಗಿದ ಬೆರಳುಗಳಿಗೆ ಬಿಡಿಸಲು ಆಗಲಿಲ್ಲ. ಅತ್ತಿಗೆಯ ಕಡೆ ಚಾಚಿದ. ಅವಳು ಒಂದು ಬಿಡಿಸಿ ಅವನ ಅಂಗೈಯಲ್ಲಿಟ್ಟಳು.