ದಿನಾ ಓಡ್ಸಾಕ ಯಾವ್ದು ಚೊಲೋ?

ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನ ಮುಂದೆ ಒಂದು ಕಾರು, ನೂರಾರು ಜನರ ಕಣ್ಣೆದುರಿಗೆ, ತನ್ನ ತಲೆಯನ್ನು ತಾನೇ ತೆಗೆದು, ಮಡಚಿ, ಡಿಕ್ಕಿಯಲ್ಲಿ ಇಟ್ಟುಕೊಂಡಿತು.

ನಾನು ಆ ಕಾರಿನೊಳಗೆ ಕೂತಿದ್ದೆ. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಿಮಗೂ ಕಷ್ಟ, ನನಗೂ ಕಷ್ಟ.

ಇದೆಲ್ಲ ಶುರುವಾದದ್ದು ನನ್ನ ಹೈಸ್ಕೂಲ್ ಗೆಳೆಯ ವೀರಭದ್ರಪ್ಪನಿಂದ. ಅವನ ಮನೆ ಹಾವೇರಿಯಲ್ಲಿ, ಮೆಣಸಿನಕಾಯಿ ಅಂಗಡಿ ಬ್ಯಾಡಗಿಯಲ್ಲಿ, ಬೀಜದ ಗೋದಾಮು ರಾಣೆಬೆನ್ನೂರಿನಲ್ಲಿ. ದಿನಕ್ಕೊಮ್ಮೆ ಮೂರೂ ಊರು ಮುಟ್ಟದಿದ್ದರೆ ಉಂಡದ್ದು ಕರಗುವುದಿಲ್ಲ. ಹೋದ ವರ್ಷ ವ್ಯಾಪಾರಿಗಳ ತಂಡದ ಜೊತೆ ಎಂಟು ದಿನ ಜರ್ಮನಿಗೆ ಹೋಗಿಬಂದ. ಎಂಟು ದಿನದಲ್ಲಿ ಆ ದೇಶದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದೇ, ಟಾಪ್ ತೆಗೆಯಬಹುದಾದ ಕಾರು.

ಒಂದು ಸಂಜೆ ರಾಣೆಬೆನ್ನೂರಿನ ನನ್ನ ಮನೆಗೆ ಎರಡು ಮಿರಿಮಿರಿ ಕ್ಯಾಟಲಾಗ್ ಹಿಡಿದು ಬಂದ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ನಮ್ಮ ಕಡೆ ಇಂಗ್ಲಿಷ್ ಬಲ್ಲವನಿಗೆ ಲೋಕದ ಸಮಸ್ತವೂ ಗೊತ್ತು ಎಂಬ ನಂಬಿಕೆಯಿದೆ. ಔಷಧಿ ಬಾಟಲಿಯ ಚೀಟಿ, ಪಂಪ್‌ಸೆಟ್ಟಿನ ಪುಸ್ತಕ, ಕೋರ್ಟಿನ ನೋಟಿಸು, ಎಲ್ಲವೂ ನನ್ನ ಮನೆಗೇ ಬರುತ್ತವೆ. ಈಗ ಕಾರು.

"ಮಾಸ್ತರ, ಎರಡು ಗಾಡಿ ಅದಾವ. ಎರಡೂ ಹಾರ್ಡ್‌ಟಾಪ್. ಬೇಕಂದ್ರ ಟಾಪ್ ಇರತೈತಿ, ಬ್ಯಾಡಂದ್ರ ಇರಂಗಿಲ್ಲ. ದಿನಾ ಓಡ್ಸಾಕ ಯಾವ್ದು ಚೊಲೋ, ಕಂಪೇರ್ ಮಾಡಿ ಬರದು ಕೊಡು" ಅಂದ.

ದಿನಾ ಓಡಿಸಲಿಕ್ಕೆ! ವೀರಭದ್ರಪ್ಪ ಜೀವಮಾನದಲ್ಲಿ ಸೈಕಲ್ಲಿನ ಆಚೆಗೆ ಏನನ್ನೂ ಓಡಿಸಿದವನಲ್ಲ. ಇಪ್ಪತ್ತೆರಡು ವರ್ಷದಿಂದ ಅವನ ಬಿಳಿ ಅಂಬಾಸಿಡರ್ ಓಡಿಸುತ್ತಿರುವವನು ಬಾಬುಸಾಬ್. ಹಾವೇರಿಯವನೇ. ಐವತ್ತು ದಾಟಿದೆ. ಎರಡನೇ ಮಗಳು ಈಗಷ್ಟೇ ಟಿ.ಸಿ.ಎಚ್. ಸೇರಿದ್ದಾಳೆ. ಮನೆ ನಡೆಯುವುದು ಆ ಒಂದು ಸ್ಟೇರಿಂಗಿನಿಂದ. ಧಣಿಯ ಇಬ್ಬರು ಮಕ್ಕಳು ಹುಟ್ಟಿದಾಗ ಆಸ್ಪತ್ರೆಗೆ ಗಾಡಿ ಹೊಡೆದವನೂ ಅವನೇ.

"ಬಾಬುಸಾಬ್ ಓಡಸ್ತಾನಲ್ಲೋ?" ಅಂದೆ.

"ಇಲ್ಲ, ನಾನs ಓಡಸೋದು. ಅವನs ನನಗ ಕಲಸಾಕತ್ತಾನ" ಅಂದ ವೀರಭದ್ರಪ್ಪ, ಬಹಳ ಹೆಮ್ಮೆಯಿಂದ.

ಆ ಮಾತು ನನ್ನನ್ನು ಅಲ್ಲೇ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ನನ್ನ ಕಣ್ಣು ಕ್ಯಾಟಲಾಗಿನ ಮೇಲಿತ್ತು.

ಒಂದು ಕೆಂಪು, ಇನ್ನೊಂದು ಬೆಳ್ಳಿ ಬಣ್ಣದ್ದು. (ಕಂಪನಿಗಳ ಹೆಸರು ಹೇಳುವುದಿಲ್ಲ. ಪುಕ್ಕಟೆ ಪ್ರಚಾರ ನಾನು ನಮ್ಮ ಕಾಲೇಜಿಗೂ ಕೊಟ್ಟವನಲ್ಲ.)

ಕೆಂಪು ಕಾರಿನ ಟಾಪನ್ನು ಬಿಚ್ಚಿ, ಎತ್ತಿ, ಮನೆಯಲ್ಲಿ ಇಟ್ಟು ಹೋಗಬೇಕು. ಎತ್ತಲು ಕನಿಷ್ಠ ಇಬ್ಬರು. ಕ್ಯಾಟಲಾಗಿನಲ್ಲಿ ಗಂಡ ಹೆಂಡತಿ ಸೇರಿ ಎತ್ತುತ್ತಿದ್ದಾರೆ, ಎತ್ತುತ್ತಲೇ ನಗುತ್ತಲೂ ಇದ್ದಾರೆ. ವೀರಭದ್ರಪ್ಪನ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಲಿಕ್ಕೂ ಅಂಗಡಿಯಿಂದ ಹಮಾಲರು ಬರಬೇಕು! ಇರಲಿ, ಟಾಪನ್ನು ಹಾವೇರಿಯ ಪಡಸಾಲೆಯಲ್ಲಿ ಮಲಗಿಸಿ ಬ್ಯಾಡಗಿಗೆ ಬಂದಿರಿ. ಅಷ್ಟರಲ್ಲಿ ಮೋಡ ಕವಿಯಿತು. ಆಗ? ಅದಕ್ಕೆಂದು ಒಳಗೊಂದು ಬಟ್ಟೆಯ ಹೊದಿಕೆ ಕೊಟ್ಟಿದ್ದಾರಂತೆ. ಹಿಂದೆ ಸೀಟೂ ಇದೆ. ಅದರಲ್ಲಿ ಕೂರುವವರು ಕಾಲುಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಬೆಳ್ಳಿ ಕಾರಿಗೆ ಹಮಾಲರು ಬೇಡ. ಒಂದು ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ಟಾಪು ತಾನೇ ಮಡಚಿಕೊಂಡು ಡಿಕ್ಕಿಗೆ ಇಳಿಯುತ್ತದೆ. ಆದರೆ ಟಾಪು ಕೂತಮೇಲೆ ಡಿಕ್ಕಿಯಲ್ಲಿ ಒಂದು ಚೀಲ ಹಿಡಿಸುವುದೂ ಕಷ್ಟ. ಸೀಟು ಎರಡೇ. ಆಕಾಶ ಬೇಕೆಂದರೆ ಸಾಮಾನು ಬಿಡಿ, ಹೆಂಡತಿ ಬೇಕೆಂದರೆ ಮಕ್ಕಳನ್ನು ಬಿಡಿ. ಇದಕ್ಕೆ ಅವರು ಇಟ್ಟಿರುವ ಹೆಸರು ಲಕ್ಸುರಿ.

ಇನ್ನು ನಮ್ಮ ಬಿಸಿಲು. ಮಾರ್ಚ್ ಬಂತೆಂದರೆ ರಾಣೆಬೆನ್ನೂರಿನಲ್ಲಿ ನಾಯಿಗಳೂ ಲಾರಿಯ ಕೆಳಗಿನ ನೆರಳು ಬಿಟ್ಟು ಕದಲುವುದಿಲ್ಲ. ತಲೆಯ ಮೇಲೊಂದು ಸೂರು ಕೊಡಿ ಅಂತ ಜನ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಸುತ್ತುವ ಊರಿನಲ್ಲಿ, ಇದ್ದ ಸೂರನ್ನು ತೆಗೆಯಲು ಯಂತ್ರ ತರಿಸುತ್ತೇನೆ ಎನ್ನುವವನಿಗೆ ಏನು ಹೇಳುತ್ತೀರಿ?

ನಾನು ಹೂಂ ಅಂದೆ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಎರಡು ಭಾನುವಾರ ಕೂತು, ಸ್ಕೇಲಿನಿಂದ ಗೆರೆ ಎಳೆದು, ಇಪ್ಪತ್ತು ಅಂಶಗಳ ಪಟ್ಟಿ ಮಾಡಿದೆ. ಎಂಜಿನ್, ಬ್ರೇಕು, ಬಣ್ಣ, ಸೀಟಿನ ಚರ್ಮ. ನನ್ನ ವಿದ್ಯಾರ್ಥಿಗಳು ಇಷ್ಟು ಶ್ರದ್ಧೆಯಿಂದ ಬರೆದಿದ್ದರೆ ಒಬ್ಬನೂ ಫೇಲಾಗುತ್ತಿರಲಿಲ್ಲ. ಕೊನೆಯ ಅಂಶವನ್ನು 'ಅನುಕೂಲಗಳು' ಎಂಬ ಕಾಲಮ್ಮಿನಲ್ಲಿ ಹೀಗೆ ಬರೆದೆ: "ಮಾಲೀಕರೇ ಓಡಿಸಿ ಆನಂದಿಸುವ ಗಾಡಿ. ಡ್ರೈವರ್ ಅಗತ್ಯವಿಲ್ಲ."

ಕ್ಯಾಟಲಾಗಿನಲ್ಲಿ ಇದ್ದದ್ದನ್ನೇ ಅನುವಾದಿಸಿದ್ದೆ. ನನ್ನದೇನು ತಪ್ಪು? (ಈ ಪ್ರಶ್ನೆಯನ್ನು ಆವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಹಿತವಾಗಿಲ್ಲ.)

ಆ ನಡುವೆ ಒಮ್ಮೆ ಬಾಬುಸಾಬ್ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕ. "ಧಣಿ ಹೆಂಗ ಕಲಿಯಾಕತ್ತಾನ?" ಅಂದೆ.

"ಕ್ಲಚ್ ಬಿಡೋದು ಕಲತಾರ್ರಿ ಸರ್. ಮೆಲ್ಲಕ ಬಿಡೋದು ಇನ್ನಾ ಕಲೀಬೇಕು."

"ನೀ ಯಾಕ ಕಲಸ್ತೀ ಮಾರಾಯಾ? ಆಮ್ಯಾಲೆ ನಿನಗ ಏನು ಕೆಲಸ?"

"ಕಲಸು ಅಂದ್ರು, ಕಲಸಾಕತ್ತೇನಿ. ಖರೇ ಹೇಳ್ಬೇಕಂದ್ರ ನಂಗೂ ನಿದ್ದಿ ಬರವಲ್ದು. ಆದ್ರ ಅರ್ಧಾ ಕಲಿಸಿ ಬಿಟ್ರ ರಸ್ತೇದಾಗ ಹೋಗೋ ಮಂದಿ ಏನು ಪಾಪ ಮಾಡ್ಯಾರ್ರಿ?"

ಗುರುವಾರ ಬೆಳಿಗ್ಗೆ ಮುಂಬಯಿಯ ದಲ್ಲಾಳಿ ಬೆಳ್ಳಿ ಕಾರನ್ನು ಟ್ರಯಲ್‌ಗೆಂದು ಹಾವೇರಿಗೆ ತಂದ. ವೀರಭದ್ರಪ್ಪ ನನ್ನನ್ನೂ ಕರೆಸಿಕೊಂಡ. ನೋಡಿದರೆ ಸ್ಟೇರಿಂಗ್ ಎಡಗಡೆ! ಪರದೇಶದ ಗಾಡಿ, ಅಲ್ಲಿ ಹಾಗೇ ಅಂತೆ. ನಾನು ಗಾಬರಿಯಾದೆ. ವೀರಭದ್ರಪ್ಪನಿಗೆ ಮಾತ್ರ ಖುಷಿಯೋ ಖುಷಿ.

"ಇಷ್ಟು ವರ್ಷ ನಾ ಎಡಕ್ಕs ಕುಂತು ರೂಢಿ ಐತಿ. ಗಾಡೀನ ನನ್ನ ಸಲುವಾಗಿ ಮಾಡ್ಯಾರ" ಅಂದ.

ಧಣಿಯ ಜಾಗ ಎಡಗಡೆ ಎನ್ನುವುದು ನಮ್ಮಲ್ಲಿ ಯಾರೂ ಬರೆದಿಡದ ಕಾಯಿದೆ. ಅವನು ಎಡಕ್ಕೆ ಹತ್ತಿದ. ನಾನು ಬಲಕ್ಕೆ ಹತ್ತಿದೆ. ಹಿಂದೆ ಅಂಬಾಸಿಡರ್‌ನಲ್ಲಿ ಬಾಬುಸಾಬ್ ಮತ್ತು ದಲ್ಲಾಳಿ.

ಹಾವೇರಿ ದಾಟುತ್ತಲೇ ಗುಂಡಿ ಒತ್ತಿ ಟಾಪು ಇಳಿಸಿದ. ಗಾಳಿ ಬಂತು, ಜೊತೆಗೆ ಅರ್ಧ ಜಿಲ್ಲೆಯ ಧೂಳೂ ಬಂತು. ಮೋಟೆಬೆನ್ನೂರಿನ ಹತ್ತಿರ ಒಂದು ಬಸ್ಸು ನಮ್ಮನ್ನು ಹಿಂದೆ ಹಾಕಿತು. ಬಸ್ಸಿನ ಕಿಟಕಿಯಲ್ಲಿ ಕೂತವರು ಏನು ಮಾಡುತ್ತಾರೆ? ಎಲೆಅಡಿಕೆ ಜಗಿಯುತ್ತಾರೆ. ಜಗಿದವರು ಏನು ಮಾಡುತ್ತಾರೆ? ಕ್ಯಾಟಲಾಗಿನ ಯಾವ ಪುಟದಲ್ಲೂ ಈ ವಿಷಯದ ಪ್ರಸ್ತಾಪವಿರಲಿಲ್ಲ. ವೀರಭದ್ರಪ್ಪನ ಬಿಳಿ ಅಂಗಿಯ ಹೆಗಲ ಮೇಲೆ ಬಿತ್ತು. ಗುಂಡಿ ಒತ್ತಿ ಟಾಪು ಮುಚ್ಚಿದ. ಅಷ್ಟಕ್ಕೇ ಬುದ್ಧಿ ಬರಬೇಕಿತ್ತು.

ಬರಲಿಲ್ಲ. ಮಾರುಕಟ್ಟೆಯ ಗೇಟಿನ ಮುಂದೆ ಮತ್ತೆ ಗುಂಡಿ ಒತ್ತಿದ. ಊರವರು ನೋಡದಿದ್ದರೆ ಕಾರು ಯಾಕೆ ತರಬೇಕು? ಜನ ಮುತ್ತಿದರು. ಶಿಳ್ಳೆ ಬಿದ್ದವು. ಅಲ್ಲಿಂದ ನನ್ನ ಫಜೀತಿ ಶುರು.

ಗೇಟಿನ ವಾಚ್‌ಮನ್ ನನ್ನನ್ನೇ ನೋಡಿ ಕೂಗಿದ: "ಏ ಡ್ರೈವರ್, ಗಾಡಿ ಬಾಜೂಕ ತಗೋ! ಎತ್ತಿನ ಗಾಡಿ ಹಿಂದ ನಿಂತಾವ, ಕಾಣಂಗಿಲ್ಲೇನು?"

ನಾನು ಎರಡೂ ಕೈ ಎತ್ತಿ ತೋರಿಸಿದೆ. ಸ್ಟೇರಿಂಗ್ ಇಲ್ಲ. ಅವನಿಗೆ ಅದು ಮುಖ್ಯವಾಗಲಿಲ್ಲ. ಬಲಗಡೆ ಕೂತವನು ಡ್ರೈವರ್, ಎಡಗಡೆ ಕೂತವನು ಧಣಿ. ವರ್ತಕರು ಬಂದು ನನ್ನ ಮೂಗಿನ ಮುಂದಿನಿಂದ ಕೈ ಚಾಚಿ ವೀರಭದ್ರಪ್ಪನ ಕೈ ಕುಲುಕಿದರು. ನಾಲ್ಕು ವರ್ಷದ ಹಿಂದೆ ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬ, ಈಗ ಕಮಿಷನ್ ವ್ಯಾಪಾರದ ಅಡತಿ ಅಂಗಡಿಯ ಗುಮಾಸ್ತ, ವೀರಭದ್ರಪ್ಪನಿಗೆ ಕೈಮುಗಿದು ಹೋದ. ನಾನು ಅವನ ಕಣ್ಣಿಗೆ ಬೀಳಲೇ ಇಲ್ಲ. ಅಂಗಡಿಯ ಹಮಾಲನೊಬ್ಬ ರೂಢಿಯಂತೆ ಸ್ಯಾಂಪಲ್ ಮೆಣಸಿನಕಾಯಿ ಚೀಲ ತಂದು ಡಿಕ್ಕಿ ತಟ್ಟಿ ನೋಡಿದ. ತೆರೆಯಲಿಲ್ಲ. ಸೀದಾ ನನ್ನ ತೊಡೆಯ ಮೇಲೆ ಇಟ್ಟ.

"ಧಣ್ಯಾರ ಮನಿಗೆ ಲಗೂ ಮುಟ್ಟಿಸಪಾ" ಅಂದ.

ನನಗೆ ಸಿಟ್ಟು ಬಂತು. ನಾನು ಲೆಕ್ಚರರ್! ವಾರವಾರ ಪೇಪರಿನಲ್ಲಿ ಈ ಅಂಕಣದ ಜೊತೆ ಫೋಟೋ ಬರುವವನು! ಆಮೇಲೆ ಹೊಳೆಯಿತು. ನನಗೆ ಇದು ಹತ್ತು ನಿಮಿಷ. ಬಾಬುಸಾಬನಿಗೆ ಇಪ್ಪತ್ತೆರಡು ವರ್ಷ. ಅಷ್ಟು ವರ್ಷ ಇದೇ ಗೇಟಿನಲ್ಲಿ ಬೈಸಿಕೊಂಡವನ ಹೆಸರನ್ನು ನಾನೇ ಸ್ಕೇಲು ಹಿಡಿದು ಹೊಡೆದುಹಾಕಿದ್ದೆ.

ಪಶ್ಚಾತ್ತಾಪಪಡಲು ಪುರುಸೊತ್ತು ಸಿಗಲಿಲ್ಲ. ಗಾಡಿ ಒಳಗೆ ಹೋಗುತ್ತಿದ್ದಂತೆ ಘಾಟು ಹೊಡೆಯಿತು. ಸುಗ್ಗಿಯ ದಿನ, ಸುತ್ತ ಕೆಂಪು ರಾಶಿಗಳು, ಮೇಲಿನಿಂದ ಗಾಳಿ, ತೊಡೆಯ ಮೇಲೆ ಬಾಯಿಬಿಟ್ಟ ಚೀಲ. ಅಂಬಾಸಿಡರ್‌ನಲ್ಲಿ ಗೇಟು ಬರುವ ಮೊದಲೇ ಬಾಬುಸಾಬ್ ನಾಲ್ಕೂ ಗಾಜು ಏರಿಸುತ್ತಿದ್ದ. ಇಲ್ಲಿ ಏರಿಸಲು ಏನಿದೆ? ನಾನು ಸೀನಿದೆ. ವೀರಭದ್ರಪ್ಪ ಸೀನಿದ. ಅವನದು ಒಂದಕ್ಕೆ ನಿಲ್ಲುವ ಸೀನಲ್ಲ. ಕಣ್ಣು ಮುಚ್ಚಿ ಎಂಟು ಹತ್ತು ಸೀನಿದ. ಕಾಲು ಬ್ರೇಕ್ ಹುಡುಕಲು ಹೋಗಿ ಇನ್ನೊಂದನ್ನು ಒತ್ತಿತು.

ಮುಂದೆ ಇಬ್ಬರು ಹೆಂಗಸರು ನೆಲದ ಮೇಲೆ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬೆನ್ನು ನಮ್ಮ ಕಡೆಗಿತ್ತು. ನನ್ನ ಬಾಯಿಂದ ಕೂಗು ಹೊರಡಲಿಲ್ಲ, ಸೀನು ಹೊರಟಿತು.

ಹಿಂದಿನ ಅಂಬಾಸಿಡರ್ ಇಳಿದು ಯಾವಾಗ ಬಂದನೋ ಬಾಬುಸಾಬ್. ಗಾಡಿಯ ಜೊತೆಗೇ ಓಡುತ್ತಾ ಧಣಿಯ ಹೆಗಲ ಮೇಲಿನಿಂದ ಒಳಕ್ಕೆ ಬಗ್ಗಿ, ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ, ಇನ್ನೊಂದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದ. ಕಾರು ಖಾಲಿ ಚೀಲಗಳ ರಾಶಿಗೆ ಮೂಗು ತುರುಕಿ ನಿಂತಿತು. ಹೆಂಗಸರು ತಿರುಗಿ ನೋಡಿದರು. ಒಬ್ಬಳು ನನ್ನ ಮುಖ ನೋಡಿ ಅಂದಳು: "ಕಣ್ಣು ಎಲ್ಲಿಟ್ಟೀಯೋ ಡ್ರೈವರ್?"

ಬಾಬುಸಾಬನ ಮೊಳಕೈ ತರಚಿ ರಕ್ತ ಬರುತ್ತಿತ್ತು. "ಯಾರಿಗೂ ಏನೂ ಆಗಿಲ್ಲಲ್ರಿ?" ಅಂತ ಅವನೇ ನಮ್ಮನ್ನು ಕೇಳಿದ.

ವೀರಭದ್ರಪ್ಪ ಹತ್ತು ನಿಮಿಷ ನೀರು ಹಾಕಿ ಕಣ್ಣು ತೊಳೆದುಕೊಂಡ. ಮನುಷ್ಯ ಬೆದರಿದ್ದಾನೆ, ಇನ್ನು ಈ ಹುಚ್ಚು ಇಳಿಯಿತು ಅಂದುಕೊಂಡೆ. ಅವನು ಟವೆಲಿನಿಂದ ಮುಖ ಒರೆಸುತ್ತಾ ನನ್ನನ್ನು ಬದಿಗೆ ಕರೆದ.

"ಮಾಸ್ತರ, ನೋಡಿದಿಲ್ಲೋ? ಟಾಪ್ ಇದ್ದಿದ್ರ ಅಂವಗ ಕೈ ಹಾಕಾಕ ಬರತಿತ್ತೇನು? ಟಾಪ್ ಇಲ್ಲಂತನs ಎರಡು ಜೀವ ಉಳದ್ವು. ನಿನ್ನ ಲಿಸ್ಟಿನ್ಯಾಗ ಇಪ್ಪತ್ತೊಂದನೇ ಪಾಯಿಂಟ್ ಬರಕೋ. ಸೇಫ್ಟಿ!"

ಉಳಿಸಿದ್ದು ಇಲ್ಲದ ಟಾಪಂತೆ! ಉಳಿಸಿದವನು ಅಲ್ಲೇ ನಲ್ಲಿಯ ಹತ್ತಿರ ಮೊಳಕೈ ತೊಳೆದುಕೊಳ್ಳುತ್ತಿದ್ದ. ಇಷ್ಟು ವರ್ಷದ ಗೆಳೆತನದಲ್ಲಿ ಮೊದಲ ಸಲ ವೀರಭದ್ರಪ್ಪನನ್ನು ಕಂಡು ಅಸಹ್ಯವಾಯಿತು. "ಎರಡೂ ಗಾಡಿ ಬ್ಯಾಡ. ಅಂಬಾಸಿಡರ್ ಇಟಗೋ, ಬಾಬುಸಾಬನ್ನೂ ಇಟಗೋ" ಅಂದೆ. "ನೀ ಬರೇ ಮಾಸ್ತರ ಆಗಿ ಉಳದಿ" ಅಂತ ನಕ್ಕ. ಶನಿವಾರ ಬೆಳ್ಳಿ ಕಾರಿಗೆ ಮುಂಗಡ ಕೊಟ್ಟ. ಅಂಬಾಸಿಡರ್ ಮಾರಾಟಕ್ಕೆ ನಿಂತಿತು.

ಭಾನುವಾರ ಬೆಳಿಗ್ಗೆ ಬಾಬುಸಾಬ್ ನನ್ನ ಮನೆಗೆ ಬಂದ. ಮೊಳಕೈಗೆ ಪಟ್ಟಿ, ಇಸ್ತ್ರಿ ಮಾಡಿದ ಅಂಗಿ. ನನ್ನ ಲಿಸ್ಟಿನ ಇಪ್ಪತ್ತನೆಯ ಅಂಶವನ್ನು ವೀರಭದ್ರಪ್ಪ ಅವನಿಗೆ ಓದಿ ಹೇಳಿದ್ದನಂತೆ, ಮಾಸ್ತರೇ ಬರೆದುಕೊಟ್ಟದ್ದು ಅಂತ.

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಬಾಬುಸಾಬ್, ನಂದು ತಪ್ಪಾತು" ಅಂದೆ.

"ಇರಲಿ ಬಿಡ್ರಿ ಸರ್. ನೀವು ಚಂದಗೆ ಬರೀತೀರಂತ. ನಂಗೂ ನಾಕು ಸಾಲು ಇಂಗ್ಲಿಷಿನ್ಯಾಗ ಬರದು ಕೊಡ್ರಿ. ರಾಣೆಬೆನ್ನೂರಾಗ ಒಬ್ಬ ಡಾಕ್ಟರಿಗೆ ಡ್ರೈವರ್ ಬೇಕಾಗ್ಯಾನಂತ."

ಕೂರಿಸಿ, ಚಹಾ ಕೊಟ್ಟು, ಬರೆಯತೊಡಗಿದೆ. ಇಪ್ಪತ್ತೆರಡು ವರ್ಷದ ಅನುಭವ. ಒಂದೂ ಅಪಘಾತವಿಲ್ಲ. ಪ್ರಾಮಾಣಿಕ. ಎರಡು ಜೀವ ಉಳಿಸಿದವನು. ಮನಸ್ಸು ತುಂಬಿ ಬಂದು, ತನ್ನ ಮಾಲೀಕರಿಗೂ ತಾಳ್ಮೆಯಿಂದ ಕಾರು ಕಲಿಸಿದ್ದಾನೆ ಅಂತ ಬರೆದು, ಅದನ್ನು ಕನ್ನಡದಲ್ಲಿ ಓದಿ ಹೇಳಿದೆ.

ಬಾಬುಸಾಬ್ ಕಪ್ಪು ಕೆಳಗಿಟ್ಟ.

"ಅದೊಂದು ಸಾಲು ಹೊಡದು ಹಾಕ್ರಿ ಸರ್. ಡಾಕ್ಟರ್ ಓದಿದ್ರ, ನಂಗೂ ಕಲಸು ಅಂದಾರು."