ಮುಲುಂಡಿನ ಹಿಂದಿನ ಕಾಡು

ಹಿಂದಿ ದೆವ್ವದ ಸಿನಿಮಾಗಳಿಗೆ ಜಾಗ ಹುಡುಕಿಕೊಡುವುದು ಗುರಲಿಂಗಪ್ಪನ ಕೆಲಸ. ವಿಜಯಪುರದಿಂದ ಬಂದು ವಡಾಲದ ಚಾಳಿನಲ್ಲಿ ನೆಲೆನಿಂತವನು ಇಪ್ಪತ್ತಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದ. ನಮ್ಮ ಸಿನಿಮಾದ ದೆವ್ವಗಳಿಗೆ ಊರು ಆಗಿಬರುವುದಿಲ್ಲ. ಕಾಡು ಬೇಕು, ಒಂಟಿ ಮನೆ ಬೇಕು, ಫೋನ್ ಸಿಗದ ದಾರಿ ಬೇಕು. ನಿರ್ಮಾಪಕರಿಗೋ ಅಷ್ಟು ದೂರ ಹೋಗುವ ಮನಸ್ಸಿಲ್ಲ. ಹಾಗಾಗಿ ಗುರಲಿಂಗಪ್ಪ ಲೋಕಲ್ ಸ್ಟೇಷನ್ನಿಗೆ ಹತ್ತಿರದಲ್ಲೇ ಘೋರಾರಣ್ಯ ಹುಡುಕಿಕೊಡುತ್ತಿದ್ದ.

ರೋಶನ್ ಅದೇ ಚಾಳಿನಲ್ಲಿ ಬೆಳೆದವನು. ಅವನಿಗೆ ಮೊದಲ ಸಲ ಶೂಟಿಂಗ್ ತೋರಿಸಿದ್ದೇ ಗುರಲಿಂಗಪ್ಪ. ಈಗ ಅವನು ನಿರ್ದೇಶಕ. "ಕಾಕಾ, ನನ್ನ ಮೊದಲ ಪಿಕ್ಚರ್. ಜಾಗ ನೀವೇ ನೋಡಬೇಕು" ಎಂದಾಗ ಗುರಲಿಂಗಪ್ಪ ಹಿಗ್ಗಿಹೋದ.

ಮುಲುಂಡಿನ ಹಿಂದೆ, ಕಾಡಿನಂಚಿನ ವಾರ್ಲಿ ಆದಿವಾಸಿಗಳ ಪಾಡಾದಲ್ಲಿ, ಅಂದರೆ ಹಾಡಿಯಲ್ಲಿ, ಮನೆಯೊಂದು ಸಿಕ್ಕಿತು. ಮಣ್ಣಿನ ಗೋಡೆ, ಸುತ್ತ ಬಿದಿರು. ಮನೆಯೊಡತಿ ಸೋಮಿಬಾಯಿ, ಒಬ್ಬಂಟಿ ಮುದುಕಿ, ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: "ನನ್ನ ಮನೇಲಿ ದೆವ್ವ ಇದೆ ಅಂತ ತೋರಿಸ್ತೀರಾ?"

ಗುರಲಿಂಗಪ್ಪ ಅವಳೆದುರೇ ರೋಶನ್‌ಗೆ ಫೋನ್ ಹಚ್ಚಿದ.

"ಛೇ, ಇಲ್ಲ ಕಾಕಾ. ದಾರಿ ತಪ್ಪಿದವರು ಅಲ್ಲಿ ನೀರು ಕುಡೀತಾರೆ, ಅಷ್ಟೇ. ಪ್ರಾಮಿಸ್."

ಆ ಮಾತನ್ನು ಹಾಗೆಯೇ ಆಕೆಗೆ ಹೇಳಿದ. ಆಕೆ ಬಾಗಿಲು ತೆರೆದುಕೊಟ್ಟಳು.

ಸಿನಿಮಾ ಓಟಿಟಿಯಲ್ಲಿ ಬಂದ ದಿನ ಗುರಲಿಂಗಪ್ಪ ಹೆಂಡತಿ ಬಸಲಿಂಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲೇ ನೋಡಿದ. ಆ ಮನೆ ಮಕ್ಕಳನ್ನು ತಿನ್ನುವ ಮಾಟಗಾತಿಯದಾಗಿತ್ತು. ಮಾಟಗಾತಿಯ ಮುಖ ಸೋಮಿಬಾಯಿಯದು. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಾಗ ಆಕೆಗೆ ಗೊತ್ತಿಲ್ಲದೆ ತೆಗೆದದ್ದು.

"ಆ ಮುದುಕಿಗೆ ನೀವು ಹೇಳಿದ್ದು ಏನು?" ಎಂದಳು ಬಸಲಿಂಗವ್ವ.

ಮರುದಿನ ರೋಶನ್‌ನ ಆಫೀಸಿಗೆ ಹೋದ.

"ಎಡಿಟಿಂಗ್‌ನಲ್ಲಿ ಕಥೆ ಬದಲಾಯ್ತು ಕಾಕಾ. ಪ್ರೊಡ್ಯೂಸರ್‌ಗೆ ಡಾಯನ್ ಬೇಕಿತ್ತು, ಮಾಟಗಾತಿ."

"ಆಕಿ ಮಾರಿ ಯಾಕ ಹಾಕಿದಿ?"

"ಅಂಥ ಫೇಸ್ ಬೇರೆ ಎಲ್ಲಿ ಸಿಗ್ತದೆ? ಅವಳೆಲ್ಲಿ ನೋಡ್ತಾಳೆ, ಬಿಡಿ. ಟೈಟಲ್‌ನಲ್ಲಿ ನಿಮ್ಮ ಹೆಸರೂ ಹಾಕಿದೀನಲ್ಲ."

"ನೀ ಕೊಟ್ಟ ಮಾತು ನಾ ಆಕಿಗೆ ಮುಟ್ಟಿಸಿದ್ನೋ. ಈಗ ಸುಳ್ಳ ಹೇಳಿದಾಂವ ನಾನಾದೆ."

ರೋಶನ್ ಫೋನಿನ ಕಡೆ ಕಣ್ಣು ಹೊರಳಿಸಿದ. ಮಡಿಲಲ್ಲಿ ಕೂರಿಸಿಕೊಂಡು ಆಡಿಸಿದ ಹುಡುಗನ ಮುಖದಲ್ಲಿ ನಾಚಿಕೆಯ ಎಳೆಯಾದರೂ ಇರಬಹುದೇ ಎಂದು ಗುರಲಿಂಗಪ್ಪ ಹುಡುಕಿದ. ಆಮೇಲೆ ಎದ್ದು ಬಂದ.

ಪಾಡಾಕ್ಕೆ ಹೋದರೆ ಸಿನಿಮಾ ನೋಡಿದ ಹತ್ತಿರದ ಬಿಲ್ಡಿಂಗುಗಳ ಹುಡುಗರು ಆಗಲೇ ಸೋಮಿಬಾಯಿಯ ಅಂಗಳದಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬ ಬಾಗಿಲಿಗೆ ಕಲ್ಲೆಸೆದು, "ಡಾಯನ್, ಹೊರಗೆ ಬಾ" ಎಂದು ಕೂಗುತ್ತಿದ್ದ. ಗುರಲಿಂಗಪ್ಪ ಅವರನ್ನು ಬೈದು ಅಟ್ಟಿದ. ರೋಶನ್ ತನಗೂ ಮೋಸ ಮಾಡಿದನೆಂದು ಮುಚ್ಚಿದ ಕದದ ಹೊರಗೆ ನಿಂತು ಹೇಳಿಕೊಂಡ.

ಬಾಗಿಲು ಅರ್ಧ ತೆರೆಯಿತು. "ಅವನು ಯಾರೋ ನನಗೆ ಗೊತ್ತಿಲ್ಲ" ಎಂದಳು ಸೋಮಿಬಾಯಿ. "ನನ್ನ ಹತ್ತಿರ ಬಂದವನು ನೀನು."

ಪಾಡಾದ ಯುವಕರ ಜೊತೆ ಕೂತು ಗುರಲಿಂಗಪ್ಪ ಪೊಲೀಸರಿಗೆ ದೂರು ಬರೆದ. ರೋಶನ್‌ನ ಮಾತಿಗೆ ತಾನೇ ಸಾಕ್ಷಿ ಎಂದು ಸಹಿ ಹಾಕಿದ. ಎರಡು ತಿಂಗಳ ಮೇಲೆ ಸಿನಿಮಾದಲ್ಲಿ ಮುದುಕಿಯ ಮುಖ ಮಸುಕಾಯಿತು. ಮನೆ ಮಾತ್ರ ಅದರಲ್ಲಿ ಹಾಗೇ ಉಳಿಯಿತು. ಅದನ್ನು ತಿಳಿಸಲು ಹೋದಾಗ ಅಂಗಳಕ್ಕೆ ಮುಳ್ಳುಬೇಲಿ ಬಿದ್ದಿತ್ತು. ಬೇಲಿಯ ಈಚೆ ನಿಂತೇ ಹೇಳಿದ. ಸೋಮಿಬಾಯಿ ಪೂರ್ತಿ ಕೇಳಿಸಿಕೊಂಡು ಒಳಗೆ ಹೋದಳು.

ಜಾಗ ಹುಡುಕುವ ಕೆಲಸವನ್ನು ಗುರಲಿಂಗಪ್ಪ ಬಿಟ್ಟ. ರೋಶನ್ ಎರಡನೆಯ ಸಿನಿಮಾಕ್ಕೆ ಕರೆ ಮಾಡಿದಾಗ ಫೋನೆತ್ತಿ, "ನನಗ ಕಾಡು ಯಾವುದೂ ಗೊತ್ತಿಲ್ಲಪಾ" ಎಂದಷ್ಟೇ ಹೇಳಿದ.